ಮೂರು ತಿಂಗಳು ತುಂಬುವ ಮುನ್ನ

ನಮ್ಮಲ್ಲಿ ಬಸುರಿಯನ್ನು ಕೂರಿಸಿ ಬಯಕೆ ಊಟ ಬಡಿಸುವುದು ಐದು ತಿಂಗಳಿಗೋ ಏಳು ತಿಂಗಳಿಗೋ. ಹಸಿರು ಬಳೆ, ಮಲ್ಲಿಗೆ ಜಡೆ, ಬಗೆಬಗೆಯ ಚಿತ್ರಾನ್ನ, ಆರತಿ. ಅಷ್ಟು ಹೊತ್ತಿಗೆ ಹೆಚ್ಚಿನ ಹೆಂಗಸರಿಗೆ ವಾಂತಿ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ಮುಖಕ್ಕೆ ಕಳೆ ಬಂದಿರುತ್ತದೆ. ಅದಕ್ಕೂ ಮೊದಲು, ನೀರಿನ ಗುಟುಕೂ ಹೊಟ್ಟೆಯಲ್ಲಿ ನಿಲ್ಲದೆ ಬಚ್ಚಲ ಬಾಗಿಲಲ್ಲಿ ಕುಸಿದು ಕೂರುವ ದಿನಗಳಲ್ಲಿ, ವಿಷಯವನ್ನೇ ಯಾರಿಗೂ ಹೇಳುವಂತಿಲ್ಲ. ‘ಮೂರು ತಿಂಗಳು ತುಂಬಲಿ, ಆಮೇಲೆ ಹೇಳೋಣ.’ ದೃಷ್ಟಿಯಾದೀತು ಎಂಬ ಭಯ ಒಂದು. ಬಸಿರು ನಿಲ್ಲದೆ ಹೋದರೆ ಹತ್ತು ಜನಕ್ಕೆ ಉತ್ತರ ಹೇಳಬೇಕಲ್ಲ ಎಂಬ ಭಯ ಇನ್ನೊಂದು. ಎರಡನೆಯದನ್ನು ನಾನು ಅಲ್ಲಗಳೆಯುವುದಿಲ್ಲ, ಆ ನೋವು ಕಂಡವರಿಗೇ ಗೊತ್ತು. ಆದರೆ ಈ ಗುಟ್ಟಿನಿಂದಾಗಿ, ಕೈಹಿಡಿಯುವವರು ತೀರಾ ಬೇಕಾದ ದಿನಗಳಲ್ಲೇ ಹೆಂಗಸು ಒಂಟಿಯಾಗುತ್ತಾಳೆ.

ಹತ್ತು ಬಸುರಿಯರಲ್ಲಿ ಏಳು ಜನಕ್ಕಾದರೂ ವಾಕರಿಕೆ ಕಾಡುತ್ತದೆ. ಆರನೇ ವಾರದ ಸುಮಾರಿಗೆ ಶುರುವಾಗಿ, ಒಂಬತ್ತನೇ ವಾರದ ಹೊತ್ತಿಗೆ ಏರಿ, ಹದಿನಾಲ್ಕು–ಹದಿನಾರನೇ ವಾರಕ್ಕೆ ಬಹಳ ಜನರಲ್ಲಿ ಇಳಿಯುತ್ತದೆ. ಅಂದರೆ ನಾವು ಬಾಯಿ ಮುಚ್ಚಿಕೊಂಡಿರಬೇಕಾದ ಮೂರು ತಿಂಗಳು ಯಾವುದೋ, ಸಂಕಟದ ಮೂರು ತಿಂಗಳೂ ಅದೇ.

ನನ್ನ ಮೊದಲ ಬಸಿರಿನಲ್ಲಿ ಎಲ್ಲಕ್ಕಿಂತ ಕಾಡಿದ್ದು ವಾಸನೆ. ಬೆಂಗಳೂರಿನ ಬಾಡಿಗೆ ಮನೆ, ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ಏಳುವ ಘಮ, ಅದುವರೆಗೂ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದ ಘಮ, ಈಗ ಕರುಳು ಹಿಂಡುತ್ತಿತ್ತು. ಕುಕ್ಕರಿನಲ್ಲಿ ಬೇಯುವ ಬೇಳೆ, ಬೆಳ್ಳುಳ್ಳಿ ಒಗ್ಗರಣೆ, ಫ್ರಿಜ್ಜಿನ ಬಾಗಿಲು ತೆರೆದಾಗಿನ ಗಾಳಿ, ಗಂಡನ ಸೋಪು, ಹಲ್ಲುಜ್ಜುವ ಪೇಸ್ಟು, ದೇವರ ಮುಂದಿನ ಊದುಬತ್ತಿ. ಬಾಯಲ್ಲಿ ಸದಾ ಜೊಲ್ಲು. ನುಂಗಿದರೂ ವಾಕರಿಕೆ, ಉಗುಳಿದರೂ ವಾಕರಿಕೆ. ಬಿಎಂಟಿಸಿ ಬಸ್ಸಿನಲ್ಲಿ ಪಕ್ಕದವರ ಟಿಫಿನ್ ಡಬ್ಬಿಯ ವಾಸನೆಗೆ ನಡುದಾರಿಯಲ್ಲೇ ಇಳಿದು, ಮರದ ಬುಡದಲ್ಲಿ ಕೂತು, ಮುಂದಿನ ಬಸ್ಸು ಹತ್ತುತ್ತಿದ್ದೆ. ತಡವಾಗಿದ್ದಕ್ಕೆ ಆಫೀಸಿನಲ್ಲಿ ಟ್ರಾಫಿಕ್ ಎಂದು ಹೇಳುತ್ತಿದ್ದೆ. ನಿಜ ಹೇಳಲು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಅತ್ತೆ ಹಾಸನದ ಕಡೆಯವರು. “ಎಲ್ಲಾರ್ಗೂ ಆಗೋದೇ ಕಣಮ್ಮ” ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅಳು ಬರುತ್ತಿತ್ತು. ಒಂದು ಸಂಜೆ ನನ್ನ ಬೆನ್ನು ನೀವುತ್ತಾ ಅವರೇ ಹೇಳಿಕೊಂಡರು. ನಾಟಿ ಕಾಲ, ಮೊಣಕಾಲುದ್ದ ಕೆಸರು, ಹೊಟ್ಟೆಯಲ್ಲಿ ಎರಡು ತಿಂಗಳ ನನ್ನ ಗಂಡ. ಸೆರಗಿನ ಗಂಟಿನಲ್ಲಿ ಹುರಿಗಡಲೆ ಕಟ್ಟಿಕೊಂಡು, ಬದುವಿನ ಮೇಲೆ ವಾಂತಿ ಮಾಡಿ, ಬಾಯಿ ತೊಳೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಮತ್ತೆ ಪೈರು ಹಿಡಿಯುತ್ತಿದ್ದರಂತೆ. “ಏನಾಯ್ತು ಅಂತ ಒಬ್ರೂ ಕೇಳ್ಲಿಲ್ಲ” ಎಂದರು. ಅವರಿಗೆ ಯಾರೂ ಕೊಡದ ಸಮಾಧಾನವನ್ನು ಅವರು ನನಗೆ ಹೇಗೆ ತಾನೇ ಕೊಟ್ಟಾರು ಎನ್ನಿಸಿತು. ಹುರಿಗಡಲೆಯ ಉಪಾಯವನ್ನಂತೂ ಅವರಿಂದಲೇ ಕಲಿತೆ. ಹೊಟ್ಟೆ ಖಾಲಿಯಾದಷ್ಟೂ ಸಂಕಟ ಜಾಸ್ತಿ. ಏಳುವ ಮೊದಲು ಹಾಸಿಗೆಯಲ್ಲೇ ಒಂದಿಷ್ಟು ಒಣ ತಿನಿಸು ಬಾಯಿಗೆ ಹಾಕಿಕೊಂಡರೆ ಬೆಳಗು ಸ್ವಲ್ಪ ಹಗುರ. ಡಾಕ್ಟರೂ ಅದನ್ನೇ ಹೇಳಿದರು: ಸ್ವಲ್ಪ ಸ್ವಲ್ಪ, ಆಗಾಗ, ನೀರು ಊಟದ ಜೊತೆಗೆ ಬೇಡ, ನಡುವೆ ಗುಟುಕು ಗುಟುಕಾಗಿ ಇರಲಿ.

ಸಾಗರದಿಂದ ಅಮ್ಮ ಬಂದಿಳಿದದ್ದು ಉಪ್ಪಿನಲ್ಲಿಟ್ಟ ಅಪ್ಪೆಮಿಡಿಯ ಭರಣಿಯೊಂದಿಗೆ. ಮಿಡಿ ಜಜ್ಜಿ, ತಣ್ಣೀರಿಗೆ ಕಿವುಚಿ, ಸೂಜಿಮೆಣಸು ನುರಿದು, ಒಗ್ಗರಣೆಯಿಲ್ಲದ ಅಪ್ಪೆಹುಳಿ ಮಾಡಿದಳು. ನಮ್ಮ ಕಡೆ ಇಂಗಿನ ಒಗ್ಗರಣೆಯಿಲ್ಲದೆ ಅಪ್ಪೆಹುಳಿ ಇಲ್ಲ. ಅಮ್ಮ ಇಂಗಿನ ಡಬ್ಬಿಯನ್ನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ವಾರಗಟ್ಟಲೆ ಏನೂ ನಿಲ್ಲದ ಹೊಟ್ಟೆಯಲ್ಲಿ ಆ ಹುಳಿ ನಿಂತಿತು. ಕರಾವಳಿಯ ಗೆಳತಿಯೊಬ್ಬಳಿಗೆ ಪುನರ್ಪುಳಿ ಸಾರು ಹೀಗೆ ಒದಗಿತ್ತು, ಬಯಲುಸೀಮೆಯವರಿಗೆ ಹುಣಸೆ ಇದೆ. ಚರಕ ಸಂಹಿತೆಯ ಶಾರೀರಸ್ಥಾನ ಬಸಿರಿನ ಗುರುತುಗಳನ್ನು ಹೇಳುವಾಗ ಮುಟ್ಟು ನಿಲ್ಲುವುದರ ಜೊತೆಗೇ ಜೊಲ್ಲು, ಅನ್ನ ಬೇಡವಾಗುವುದು, ವಾಂತಿ, ಹುಳಿಯಾಸೆ ಎಲ್ಲವನ್ನೂ ಸೇರಿಸುತ್ತದೆ. ಅಷ್ಟು ಹಿಂದೆಯೇ ಯಾರೋ ಬಸುರಿಯರ ಪಕ್ಕದಲ್ಲಿ ಕೂತು, ಕೇಳಿ, ಬರೆದಿಟ್ಟಿದ್ದಾರೆ.

ಹಾಗೆ ಕೂತು ಕೇಳುವ ಗುಣ ನಡುವೆ ಎಲ್ಲಿ ಕಳೆದುಹೋಯಿತೋ. ಅಮೆರಿಕದ ವಿಜ್ಞಾನಿ ಮಾರ್ಲೀನಾ ಫೆಯ್ಜೊ 1999ರಲ್ಲಿ ತೀವ್ರ ವಾಂತಿಯಿಂದ ನರಳಿ ಮಗುವನ್ನು ಕಳೆದುಕೊಂಡರು. ಅವರ ನರಳಾಟವನ್ನು ವೈದ್ಯರು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮುಂದೆ ಅವರು ಇದನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. 2023ರ ಡಿಸೆಂಬರಿನಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒರಾಹಿಲಿ ಮತ್ತಿತರರೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಜಿಡಿಎಫ್15 ಎಂಬ ಹಾರ್ಮೋನಿನತ್ತ ಬೆರಳು ತೋರಿತು. ಬಸಿರಿನಲ್ಲಿ ಮಗು ಮತ್ತು ಮಾಸಿನ ಕಡೆಯಿಂದ ಅದು ತಾಯಿಯ ರಕ್ತಕ್ಕೆ ಬರುತ್ತದೆ, ಮೆದುಳಿನ ಹಿಂಭಾಗವನ್ನು ತಟ್ಟಿ ವಾಂತಿ ತರಿಸುತ್ತದೆ. ಬಸಿರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆಯಿತ್ತೋ ಅವರಿಗೆ ಏಟು ಜೋರು. ಬೀಟಾ ಥಲಸೀಮಿಯಾ ಇರುವ ಹೆಂಗಸರಲ್ಲಿ ಅದು ಮೊದಲಿನಿಂದಲೂ ಹೆಚ್ಚಿರುತ್ತದೆ, ಅವರಿಗೆ ಬಸಿರಿನ ವಾಂತಿ ತೀರಾ ಕಡಿಮೆ. ಇದನ್ನು ಓದಿದ ದಿನ ನನ್ನ ಮನಸ್ಸು ತುಂಬಾ ಹಗುರವಾಯಿತು. ‘ಮನಸ್ಸು ಗಟ್ಟಿ ಮಾಡ್ಕೋ’ ಎಂದವರೆಲ್ಲ ಹೇಳಿದ್ದು ಮನಸ್ಸಿನ ಕೈಯಲ್ಲಿ ಇಲ್ಲದ ಸಂಗತಿಯನ್ನು.

ಮಾತ್ರೆಯ ಮಾತು ಬೇರೆ. ‘ಬಸುರಿ ಮಾತ್ರೆ ನುಂಗಬಾರದು’ ಎಂಬ ಅತ್ತೆಯ ಹೆದರಿಕೆಯನ್ನು ಮೂಢತನ ಎಂದು ನಾನು ತಳ್ಳಿಹಾಕಲಾರೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧಿಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಗೆ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಆ ಭಯ ಜಗತ್ತಿನ ಎಲುಬಿಗೇ ಇಳಿಯಿತು. ಎಷ್ಟೆಂದರೆ, ಡಾಕ್ಸಿಲಮಿನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆಯಿಂದ ಕೇಡಾದದ್ದಕ್ಕೆ ಪುರಾವೆ ಇಲ್ಲದಿದ್ದರೂ ಅಮೆರಿಕದಲ್ಲಿ ಮೊಕದ್ದಮೆಗಳಿಗೆ ಬೇಸತ್ತು ತಯಾರಕರು 1983ರಲ್ಲಿ ಅದನ್ನು ನಿಲ್ಲಿಸಿದರು. ಮತ್ತೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ನಮ್ಮಲ್ಲಿ ವೈದ್ಯರು ಇಂದಿಗೂ ಬರೆದುಕೊಡುವುದು ಅದನ್ನೇ. ಸ್ವಲ್ಪ ಮಂಪರು ಬರುತ್ತದೆ. ನನಗೆ ಅದು ಒಂದಿಷ್ಟು ನಿದ್ದೆಯನ್ನೂ ಒಂದಿಷ್ಟು ಅನ್ನವನ್ನೂ ಕೊಟ್ಟಿತು, ಅತ್ತೆಗೆ ಡಾಕ್ಟರೇ ಕೂರಿಸಿ ತಿಳಿಹೇಳಿದರು.

ಕಾನೂನಿನ ಲೆಕ್ಕವೂ ಸೀಮಂತದ ಲೆಕ್ಕದಂತೆಯೇ ಇದೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಎಂಟು ವಾರ ಮಾತ್ರ. ಬಸಿರಿನ ಕಾಯಿಲೆಗೆಂದು ಇನ್ನೊಂದು ತಿಂಗಳು ಪಡೆಯಲು ಅವಕಾಶವಿದೆ, ಆದರೆ ಅದನ್ನು ಕೇಳಬಹುದು ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಎರಡು ತಿಂಗಳ ಬಸುರಿಯನ್ನು ನೆನೆಯುತ್ತೇನೆ. ಮತ್ತೆ ಮತ್ತೆ ಎದ್ದು ಹೋದರೆ ಪ್ರೊಡಕ್ಷನ್ ಬೀಳುತ್ತದೆ. ಯಾಕೆ ಎದ್ದೆ ಎಂದರೆ ಹೇಳುವಂತಿಲ್ಲ.

ಹೋದ ವರ್ಷ ನನ್ನ ಓರಗಿತ್ತಿ ಐದನೇ ವಾರದಲ್ಲೇ ನಮಗೆ ಹೇಳಿದಳು. ಅವತ್ತಿನಿಂದ ಮೈದುನ ಅಡುಗೆಯನ್ನು ವಹಿಸಿಕೊಂಡ, ಒಗ್ಗರಣೆಗೆ ರಜೆ. ಮ್ಯಾನೇಜರಿಗೂ ಬೇಗ ತಿಳಿಸಿದ್ದರಿಂದ ಬೆಳಗಿನ ಹೊತ್ತು ಮನೆಯಿಂದಲೇ ಕೆಲಸ. ಆದರೂ ಅವಳಿಗೆ ಬಂದದ್ದು ನನಗಿಂತ ಘೋರವಾಗಿತ್ತು. ಗುಟುಕು ನೀರೂ ನಿಲ್ಲಲಿಲ್ಲ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿತು, ನಿಂತರೆ ಕಣ್ಣು ಕತ್ತಲೆ, ತೂಕ ಇಳಿಯುತ್ತಿತ್ತು. ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿಯಿತೆಂದರೆ ಮನೆಮದ್ದು ಸಾಲದು, ಆಸ್ಪತ್ರೆಗೇ ಹೋಗಬೇಕು. ಅವಳಿಗೆ ಡ್ರಿಪ್ ಹಾಕಿದರು, ಬಿ1 ಜೀವಸತ್ವ ಕೊಟ್ಟರು. ಬಹಳ ದಿನ ವಾಂತಿಯಾದವರಲ್ಲಿ ಅದು ಬರಿದಾಗಿದ್ದರೆ ಮೆದುಳಿಗೇ ಅಪಾಯ.

ನೋಡಲು ಬಂದ ನೆಂಟರೊಬ್ಬರು ಮಂಚದ ಪಕ್ಕ ನಿಂತು ‘ಎಲ್ಲಾರ್ಗೂ ಆಗೋದೇ’ ಎಂದರು. ನಾನು ಉತ್ತರಿಸುವ ಮೊದಲೇ ಅತ್ತೆ, “ಎಲ್ಲಾರ್ಗೂ ಆಗುತ್ತೆ, ನಂಗೂ ಆಗಿತ್ತು. ಇವಳಿಗೆ ಜಾಸ್ತಿ ಆಗೈತೆ, ಮಲಗಲಿ ಬಿಡಿ” ಎಂದು ಅವರನ್ನು ಹೊರಗೆ ಕರೆದುಕೊಂಡು ಹೋದರು. ಅವಳು ಮನೆಗೆ ಬಂದ ಮೇಲೂ ವಾಂತಿ ಪೂರ್ತಿ ನಿಲ್ಲಲಿಲ್ಲ. ಎಂಟನೇ ತಿಂಗಳವರೆಗೂ ಆಗಾಗ ಆಗುತ್ತಿತ್ತು. ಸೀಮಂತದ ದಿನ ಎಲೆಯಲ್ಲಿ ಅವಳು ಕೇಳಿದ ಮೊಸರನ್ನ, ಉಪ್ಪಿನಕಾಯಿ ಮಾತ್ರ ಬಡಿಸಿದೆವು.