ಪಾಸ್‌ಪೋರ್ಟಿಗಾಗಿ ಮನೆ ಬಿಡಬೇಕೆ?

ಕೊಳ್ಳೇಗಾಲದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳನ್ನು ಹಾದು ಮದ್ದೂರಿನ ಬಳಿ ಬಂಡೀಪುರದ ಕಾಡನ್ನು ಹೊಗುತ್ತದೆ. ಅಲ್ಲಿಂದ ಮುಂದೆ ಮುತ್ತಂಗ, ಸುಲ್ತಾನ್ ಬತ್ತೇರಿ, ಕೊನೆಗೆ ಕಲ್ಲಿಕೋಟೆ. ಮದ್ದೂರಿನ ಚೆಕ್‌ಪೋಸ್ಟಿನಲ್ಲಿ 2009ರಿಂದ ರಾತ್ರಿ 9ಕ್ಕೆ ಗೇಟು ಬಿದ್ದರೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ಆನೆ, ಹುಲಿ, ಜಿಂಕೆಗಳ ಜೀವ ಉಳಿಯಲೆಂದು ಮಾಡಿದ ಕಟ್ಟಳೆ ಅದು. ಹಗಲಿನಲ್ಲಿ ಲಾರಿಯವನ ಹತ್ತಿರ ಸರಕಿನ ಬಿಲ್ಲು ಕೇಳಿಯಾರು, ಬಸ್ಸಿನಲ್ಲಿ ಕೂತವರನ್ನು ನೀವು ಯಾವ ದೇಶದವರು ಎಂದು ಯಾರೂ ಕೇಳುವುದಿಲ್ಲ. ದೇಶದ ಒಳಗೆ ಎಲ್ಲೆಂದರಲ್ಲಿ ಓಡಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಕೊಟ್ಟಿದೆ. ಆದರೆ ಇದೇ ರಸ್ತೆಯ ಇನ್ನೊಂದು ತುದಿಯಾದ ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮೇಲೆ ಒಡೆಯರಪಾಳ್ಯಕ್ಕೆ ಹೋದರೆ, ಈ ಮಣ್ಣಿನಲ್ಲೇ ಹುಟ್ಟಿಯೂ ವಿದೇಶಿಯರ ನೋಂದಣಿ ಪುಸ್ತಕ ಹಿಡಿದು ಬದುಕಿದ ಟಿಬೆಟನ್ನರ ಊರುಗಳಿವೆ. ಅವರಲ್ಲಿ ಒಂದು ತಲೆಮಾರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳು. ಅವರು ಮೊದಲ ಪಾಸ್‌ಪೋರ್ಟ್ ಕೇಳಿದಾಗ ಈ ದೇಶ ಹೇಗೆ ನಡೆದುಕೊಂಡಿತು, ಹೇಗೆ ನಡೆದುಕೊಳ್ಳಬೇಕಿತ್ತು ಎನ್ನುವುದು ಇಲ್ಲಿನ ವಿಚಾರ.

ಟಿಬೆಟನ್ ನಿರಾಶ್ರಿತರಿಗೆ ನೆಲೆ ಕೊಟ್ಟ ರಾಜ್ಯಗಳಲ್ಲಿ ಕರ್ನಾಟಕಕ್ಕೆ ಹಿರಿಯ ಸ್ಥಾನವಿದೆ. 1960ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ, 1970ರ ದಶಕದ ಆರಂಭದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ, ಅದರ ಬೆನ್ನಿಗೇ ಒಡೆಯರಪಾಳ್ಯದ ಧೊಂಡೆನ್‌ಲಿಂಗ್. ಬೈಲಕುಪ್ಪೆ ಒಂದಕ್ಕೇ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟಿತು. ಒಡೆಯರಪಾಳ್ಯದ ಸುತ್ತ ಕಾಡಿನ ಅಂಚಿನ ಜಮೀನನ್ನು ಹದಮಾಡಿ ಮುಸುಕಿನ ಜೋಳ, ರಾಗಿ ಬೆಳೆದರು. ಚಳಿಗಾಲದಲ್ಲಿ ಸ್ವೆಟರ್ ಗಂಟು ಕಟ್ಟಿಕೊಂಡು ಊರೂರಿಗೆ ವ್ಯಾಪಾರಕ್ಕೆ ಹೋದರು. ಮಕ್ಕಳು ಇಲ್ಲೇ ಹುಟ್ಟಿದರು, ಇಲ್ಲೇ ಓದಿದರು. ಅವರ ಕೈಯಲ್ಲಿದ್ದದ್ದು ಎರಡು ಕಾಗದ. ಒಂದು ಆರ್‌ಸಿ, ಅಂದರೆ ವಿದೇಶಿಯನೆಂದು ನೋಂದಾಯಿಸಿಕೊಂಡದ್ದಕ್ಕೆ ಸಿಗುವ, ಅವಧಿ ಮುಗಿದಂತೆ ನವೀಕರಿಸಿಕೊಳ್ಳಬೇಕಾದ ಪ್ರಮಾಣಪತ್ರ. ಇನ್ನೊಂದು ಹೊರದೇಶಕ್ಕೆ ಹೋಗುವವರು ಪಾಸ್‌ಪೋರ್ಟಿನ ಬದಲು ಪಡೆಯುವ ಐಸಿ ಎಂಬ ಗುರುತಿನ ಪುಸ್ತಕ. ಹಳದಿ ರಟ್ಟಿನ ಆ ಪುಸ್ತಕವನ್ನು ಎಷ್ಟೋ ದೇಶಗಳ ಅಧಿಕಾರಿಗಳು ಕಂಡೇ ಇರುವುದಿಲ್ಲ. ಅದರ ಜೊತೆಗೆ, ಭಾರತಕ್ಕೆ ಮರಳಿ ಬರಲು ಅಡ್ಡಿಯಿಲ್ಲ ಎಂಬ ಮುದ್ರೆಯನ್ನೂ ಹೊರಡುವ ಮುನ್ನವೇ ಹಾಕಿಸಿಕೊಳ್ಳಬೇಕಿತ್ತು. ಹುಟ್ಟಿದ ಊರಿಗೆ ಹಿಂತಿರುಗಲು ಮುಂಗಡವಾಗಿ ಅಪ್ಪಣೆ ಬೇಕಾದ ಸ್ಥಿತಿ ಎಷ್ಟು ಅಭದ್ರವೆಂದು, ಅಂಥ ಅಪ್ಪಣೆಯನ್ನು ಎಂದೂ ಬೇಡದ ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು, ರಾಜತಾಂತ್ರಿಕರ ಮಕ್ಕಳಂಥ ಕೆಲವೇ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ತಂದೆತಾಯಿ ಯಾವ ದೇಶದವರೆಂದು ಆ ಸೆಕ್ಷನ್ ಕೇಳುವುದಿಲ್ಲ. 1987ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕೆಂಬ ನಿಯಮ ಬಂತು; 2004ರ ಡಿಸೆಂಬರ್ 3ರಿಂದ ಅದು ಇನ್ನಷ್ಟು ಬಿಗಿಯಾಯಿತು. ಹೀಗೆ ಹುಟ್ಟಿನಿಂದ ಬರುವ ಪೌರತ್ವಕ್ಕೆ ಅರ್ಜಿಯಿಲ್ಲ, ಪ್ರಮಾಣವಚನವಿಲ್ಲ, ಮಂಜೂರಾತಿಯಿಲ್ಲ. ಆದರೂ ಹಿಮಾಚಲದ ಕಾಂಗ್ಡಾದಲ್ಲಿ 1986ರಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟ್ ಕೇಳಿದಾಗ ಇಲ್ಲವೆಂದರು. ದೆಹಲಿ ಹೈಕೋರ್ಟ್ 2010ರ ಡಿಸೆಂಬರ್ 22ರಂದು ಆಕೆ ಹುಟ್ಟಿನಿಂದಲೇ ಭಾರತೀಯಳು ಎಂದು ತೀರ್ಪು ಕೊಟ್ಟಿತು. ಮುಂಡಗೋಡದ ಟಿಬೆಟನ್ ಧರ್ಮಗುರು ಲಿಂಗ್ ರಿಂಪೋಚೆಯವರ ಅರ್ಜಿಯ ಮೇಲೆ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2013ರ ಆಗಸ್ಟ್‌ನಲ್ಲಿ ಇದನ್ನೇ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಆಮೇಲೆ 2017ರ ಮಾರ್ಚ್‌ನಲ್ಲಿ ವಿದೇಶಾಂಗ ಸಚಿವಾಲಯ ಎಲ್ಲ ಪಾಸ್‌ಪೋರ್ಟ್ ಕಚೇರಿಗಳಿಗೂ ಸುತ್ತೋಲೆ ಕಳಿಸಿ ಇವರಿಗೆ ಪಾಸ್‌ಪೋರ್ಟ್ ಕೊಡಲು ಆದೇಶಿಸಿತು.

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ನಾಲ್ಕು ಷರತ್ತುಗಳು ಬಂದವು. ಆರ್‌ಸಿ, ಐಸಿಗಳನ್ನು ರದ್ದು ಮಾಡಿಸಿ ಒಪ್ಪಿಸಬೇಕು. ಧರ್ಮಶಾಲೆಯಲ್ಲಿರುವ ಟಿಬೆಟನ್ ಆಡಳಿತದಿಂದ ಯಾವ ಸೌಲಭ್ಯವನ್ನೂ ಪಡೆಯುತ್ತಿಲ್ಲವೆಂದು ಬರೆದುಕೊಡಬೇಕು. ಆರ್‌ಸಿಯಿಂದ ಸಿಗುವ ಸವಲತ್ತುಗಳನ್ನೂ ಬಿಟ್ಟಿದ್ದೇನೆಂದು ಬರೆದುಕೊಡಬೇಕು. ನಾಲ್ಕನೆಯದು, ಗೊತ್ತುಪಡಿಸಿದ ಟಿಬೆಟನ್ ವಸಾಹತಿನಲ್ಲಿ ವಾಸವಾಗಿರಬಾರದು. ಪಾಸ್‌ಪೋರ್ಟ್ ಅರ್ಜಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಕೊನೆಯ ಷರತ್ತು ಎಲ್ಲಿ ಕಚ್ಚುತ್ತದೆ ಎಂಬುದು ಕಾಣುತ್ತದೆ. ಪೌರತ್ವ ಯಾವುದರಿಂದ ಬಂತು ಎಂದು ಅರ್ಜಿ ಕೇಳುತ್ತದೆ: ಜನನದಿಂದಲೋ, ವಂಶದಿಂದಲೋ, ನೋಂದಣಿ ಅಥವಾ ದೇಶೀಕರಣದಿಂದಲೋ? ಒಡೆಯರಪಾಳ್ಯದಲ್ಲಿ 1980ರಲ್ಲಿ ಹುಟ್ಟಿದವರು ಮೊದಲನೆಯದಕ್ಕೆ ಗುರುತು ಹಾಕಬಹುದು, ಜನನ ಪ್ರಮಾಣಪತ್ರವನ್ನೋ ಶಾಲೆಯ ಟಿಸಿಯನ್ನೋ ಲಗತ್ತಿಸಬಹುದು. ಸ್ವಲ್ಪ ಕೆಳಗೆ ಈಗಿನ ವಿಳಾಸ ಬರೆಯುವ ಜಾಗ ಬರುತ್ತದೆ. ಪೊಲೀಸರು ವಿಚಾರಣೆಗೆ ಬರುವುದು ಆ ವಿಳಾಸಕ್ಕೇ. ನಿಜ ಬರೆದರೆ ಷರತ್ತು ಮುರಿದಂತೆ, ಬೇರೆ ಬರೆದರೆ ಸುಳ್ಳು ಹೇಳಿದಂತೆ. ಎರಡೂ ಬೇಡವೆಂದರೆ ಅಪ್ಪ ಕಟ್ಟಿದ ಮನೆ ಬಿಟ್ಟು ಬಾಡಿಗೆ ಮನೆ ಹುಡುಕಬೇಕು. ಒಬ್ಬ ನಾಗರಿಕನಿಗೆ ತನ್ನ ಪೌರತ್ವದ ಪುರಾವೆ ಬೇಕಾದಾಗ ಊರು ಬಿಡು ಎನ್ನುವುದು ನ್ಯಾಯವಲ್ಲ. ಉಳಿದ ಮೂರರ ಬಗ್ಗೆ ವಾದ ಮಾಡಬಹುದು, ಈ ನಾಲ್ಕನೆಯದನ್ನು ಸಮರ್ಥಿಸಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಷರತ್ತನ್ನು ಸಮರ್ಥಿಸುವವರ ಮೊದಲ ಮಾತು ಇದು: ನಿರಾಶ್ರಿತರಿಗೆಂದು ಕೊಟ್ಟ ಜಮೀನಿನಲ್ಲಿ ನಾಗರಿಕ ಕೂತುಕೊಳ್ಳುವುದು ಸರಿಯೇ? ಎರಡೂ ಕಡೆಯ ಲಾಭ ಒಬ್ಬನಿಗೇ ಏಕೆ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪಾಸ್‌ಪೋರ್ಟ್ ಪಡೆದವರು ವಿದೇಶಿಯರ ನೋಂದಣಿ ಪುಸ್ತಕವನ್ನೂ ಇಟ್ಟುಕೊಳ್ಳುವುದು ಸರಿಯಲ್ಲ, ಅದನ್ನು ಒಪ್ಪಿಸಲೇಬೇಕು. ಆದರೆ ಜಮೀನಿನ ಲೆಕ್ಕ ಕಂದಾಯ ಇಲಾಖೆಯದು, ಗುತ್ತಿಗೆ ಪತ್ರದ್ದು. 2014ರ ಟಿಬೆಟನ್ ಪುನರ್ವಸತಿ ನೀತಿಯೇ 20 ವರ್ಷಗಳ ಗುತ್ತಿಗೆಯ ಮಾತನಾಡಿದೆ. ಗುತ್ತಿಗೆಯನ್ನು ಮುಂದುವರಿಸುವುದೋ ಬದಲಿಸುವುದೋ ಎಂಬುದನ್ನು ಅಲ್ಲಿ ತೀರ್ಮಾನಿಸಲಿ. ಪಾಸ್‌ಪೋರ್ಟ್ ಅಧಿಕಾರಿ ಯಾವ ಕಾರಣಕ್ಕೆ ಅರ್ಜಿ ತಿರಸ್ಕರಿಸಬಹುದು ಎಂಬುದನ್ನು 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪಟ್ಟಿಮಾಡಿದೆ: ಅರ್ಜಿದಾರ ನಾಗರಿಕನಲ್ಲದಿರುವುದು, ದೇಶದ ಭದ್ರತೆಗೆ ಧಕ್ಕೆ, ಇತ್ತೀಚೆಗೆ ಆದ ಜೈಲುಶಿಕ್ಷೆ, ಬಾಕಿಯಿರುವ ಕ್ರಿಮಿನಲ್ ಮೊಕದ್ದಮೆ, ವಾರಂಟು, ಇಂಥವು. ಯಾವ ಊರಿನ ಯಾವ ಮನೆಯಲ್ಲಿ ವಾಸವಾಗಿದ್ದಾನೆ ಎಂಬ ಕಾರಣ ಆ ಪಟ್ಟಿಯಲ್ಲಿಲ್ಲ. ಸಂಸತ್ತು ಬರೆಯದ ಕಾರಣವನ್ನು ಸುತ್ತೋಲೆ ಬರೆಯಬಾರದು.

ಇದಕ್ಕಿಂತ ದೊಡ್ಡ ಉತ್ತರ ನಮ್ಮ ಇತಿಹಾಸದಲ್ಲೇ ಇದೆ. 1964ರ ಅಕ್ಟೋಬರ್‌ನ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಪ್ರಕಾರ ಸಿಲೋನಿನ ಚಹಾ ತೋಟಗಳ ತಮಿಳು ಕಾರ್ಮಿಕ ಸಮುದಾಯದ 5,25,000 ಜನರಿಗೆ ಪೌರತ್ವ ಕೊಡಲು ಭಾರತ ಒಪ್ಪಿತು. ಅವರು ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದೇ ಹಡಗು ಹತ್ತಿದರು. ಬಂದವರಲ್ಲಿ ಅನೇಕರು ಬಂಡೀಪುರ ದಾಟಿದರೆ ಸಿಗುವ ಗೂಡಲೂರು ಮತ್ತು ನೀಲಗಿರಿಯ ಸರ್ಕಾರಿ ಚಹಾ ತೋಟಗಳಲ್ಲಿ ನೆಲೆನಿಂತರು. ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಿಗೂ ಬಂದರು. ಸರ್ಕಾರವೇ ಕೊಟ್ಟ ಮನೆ, ಸರ್ಕಾರವೇ ಕೊಟ್ಟ ಕೆಲಸ, ಸರ್ಕಾರವೇ ಕೊಟ್ಟ ಪಾಸ್‌ಪೋರ್ಟ್. ಇವುಗಳಲ್ಲಿ ಒಂದು ಬೇಕಾದರೆ ಇನ್ನೊಂದನ್ನು ಬಿಡಿ ಎಂದು ಅವರಿಗೆ ಹೇಳಲಿಲ್ಲ. ಸಿಂಧನೂರಿನ ಕ್ಯಾಂಪುಗಳಿಗೆ 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರ ಜಮೀನು ಕೊಟ್ಟಿತ್ತು. ಅಲ್ಲಿನ ಕೆಲವರ ಕೈಗೆ 2024ರಲ್ಲಿ ಪೌರತ್ವದ ಪ್ರಮಾಣಪತ್ರ ಬಂತು. ಆ ಪತ್ರವನ್ನು ಲಗತ್ತಿಸಿ ಅವರು ತಮ್ಮ ಮೊದಲ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು, ಕ್ಯಾಂಪಿನ ಮನೆಯ ವಿಳಾಸವನ್ನೇ ಬರೆಯಬಹುದು. ಅರ್ಜಿ ಹಾಕಿ ನಾಗರಿಕರಾದವರಿಗೆ ಇರುವ ನಿರಾಳ, ಹುಟ್ಟಿನಿಂದಲೇ ನಾಗರಿಕರಾದವರಿಗೆ ಇರಬಾರದೇಕೆ?

ಎರಡನೆಯ ಆಕ್ಷೇಪ ಭದ್ರತೆಯದು. ಗಡಿ, ಚೀನಾ, ನಕಲಿ ದಾಖಲೆ ಎಂದು ಎಚ್ಚರಿಸುವವರ ಕಾಳಜಿ ಸುಳ್ಳಲ್ಲ. ಆದರೆ ಅದಕ್ಕೆ ಬೇಕಾದ ಉಪಾಯ ಕಾಯ್ದೆಯಲ್ಲೇ ಇದೆ. ಮೈಸೂರಿನವರು ಅರ್ಜಿ ಹಾಕಿದರೂ ಪೊಲೀಸ್ ವಿಚಾರಣೆ ನಡೆಯುತ್ತದೆ, ಗುಂಡ್ಲುಪೇಟೆಯವರು ಹಾಕಿದರೂ ನಡೆಯುತ್ತದೆ. ಅನುಮಾನವಿದ್ದರೆ ಆ ಒಬ್ಬ ಅರ್ಜಿದಾರನ ಮೇಲೆ, ಕಾರಣವನ್ನು ಬರೆದು, ಮೇಲ್ಮನವಿಗೆ ದಾರಿ ಬಿಟ್ಟು ನಿರಾಕರಿಸಬಹುದು. ಒಂದು ಇಡೀ ಊರನ್ನೇ ಅನುಮಾನದ ಪಟ್ಟಿಗೆ ಸೇರಿಸುವುದು ಭದ್ರತೆಯ ಕೆಲಸವಲ್ಲ. ಅಷ್ಟಕ್ಕೂ ಅರ್ಧ ಶತಮಾನದಿಂದ ಸರ್ಕಾರದ ಪುಸ್ತಕದಲ್ಲಿ ಹೆಸರು, ಫೋಟೊ, ವಿಳಾಸ ಎಲ್ಲವೂ ದಾಖಲಾಗಿರುವ ಜನರಿಗಿಂತ ಹೆಚ್ಚು ಗುರುತು ಸಿಕ್ಕವರು ಕೊಳ್ಳೇಗಾಲ, ಗುಂಡ್ಲುಪೇಟೆಗಳ ಈ ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಹೊರದೇಶಕ್ಕೆ ಹೋಗುವುದು ಸರ್ಕಾರದ ಅನುಗ್ರಹವಲ್ಲ, ವ್ಯಕ್ತಿಸ್ವಾತಂತ್ರ್ಯದ ಭಾಗ ಎಂದು ಮೈಸೂರು ಹೈಕೋರ್ಟ್ 1965ರಲ್ಲೇ ಹೇಳಿತ್ತು. 1967ರ ಸತ್ವಂತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ಎತ್ತಿಹಿಡಿಯಿತು. ಪಾಸ್‌ಪೋರ್ಟ್ ಕಾಯ್ದೆ ಹುಟ್ಟಿದ್ದೇ ಆ ತೀರ್ಪಿನ ಬೆನ್ನಿಗೆ, ಅಧಿಕಾರಿಯ ಇಷ್ಟಾನಿಷ್ಟಕ್ಕೆ ಕಡಿವಾಣ ಹಾಕಲೆಂದು.

ಮೂರನೆಯ ಆಕ್ಷೇಪ ಟಿಬೆಟನ್ನರ ಒಳಗಿನಿಂದಲೇ ಬರುವುದರಿಂದ ಅದನ್ನು ಹೆಚ್ಚು ಗೌರವದಿಂದ ಕೇಳಬೇಕು. ಎಲ್ಲರೂ ಭಾರತದ ಪಾಸ್‌ಪೋರ್ಟ್ ಪಡೆದರೆ ಟಿಬೆಟ್ಟಿನ ಹೋರಾಟ ಸೊರಗುತ್ತದೆ, ನಾಡು ಕಳೆದುಕೊಂಡವರೆಂಬ ಗುರುತೇ ಅಳಿಸಿಹೋಗುತ್ತದೆ ಎಂಬುದು ಹಲವು ಹಿರಿಯರ ಆತಂಕ. ಆರ್‌ಸಿಯನ್ನೇ ಉಳಿಸಿಕೊಳ್ಳುತ್ತೇನೆ ಎನ್ನುವವರ ನಿರ್ಧಾರಕ್ಕೆ ಬೆಲೆ ಇದೆ. ಧರ್ಮಶಾಲೆಯ ಟಿಬೆಟನ್ ಆಡಳಿತವೂ ಇದನ್ನು ಅವರವರ ಆಯ್ಕೆಗೆ ಬಿಟ್ಟಿದೆ. ಆದರೆ ಮನೆಯನ್ನು ಪಣಕ್ಕಿಟ್ಟು ಮಾಡುವ ಆಯ್ಕೆ ನಿಜವಾದ ಆಯ್ಕೆಯಲ್ಲ. ವಸಾಹತು ಬಿಡು ಎಂಬ ಷರತ್ತಿನಿಂದ ಸಮುದಾಯ ಉಳಿಯುವುದಿಲ್ಲ, ಒಡೆಯುತ್ತದೆ: ನಾಗರಿಕ ಮಗ ಹೊರಗೆ, ನಿರಾಶ್ರಿತ ತಾಯಿ ಒಳಗೆ. ಯುವಕರು ವಿದೇಶಗಳಿಗೆ ಹೋಗಿ ವಸಾಹತುಗಳು ಬರಿದಾಗುತ್ತಿವೆ ಎಂಬ ಕೊರಗು ಬಹಳ ದಿನಗಳಿಂದ ಇದೆ. ಮರಳಿ ಬರುವ ಖಾತ್ರಿ ಇಲ್ಲದವರು ಹೋದಲ್ಲೇ ಉಳಿಯುತ್ತಾರೆ. ಖಾತ್ರಿ ಇರುವವರು ಓದಿ, ದುಡಿದು, ಹಬ್ಬಕ್ಕೂ ತಾಯಿತಂದೆಯರ ಆರೈಕೆಗೂ ಮರಳುತ್ತಾರೆ. ಹೋಗಲು ಎಷ್ಟು ಬೇಕೋ ಬರಲೂ ಪಾಸ್‌ಪೋರ್ಟ್ ಅಷ್ಟೇ ಬೇಕು.

ನಾಲ್ಕನೆಯ ಮಾತು ನಮ್ಮ ಜಿಲ್ಲೆಯವರದೇ. ಮದ್ದೂರಿನ ಹಾಡಿಗಳಲ್ಲಿರುವ ಜೇನುಕುರುಬರಿಗೆ, ಬಿಳಿಗಿರಿಯ ಸೋಲಿಗರಿಗೆ ಸರಿಯಾದ ಕಾಗದಪತ್ರವಿಲ್ಲ, ಎಲ್ಲರಿಗಿಂತ ಮೊದಲಿನಿಂದ ಈ ಕಾಡಿನಲ್ಲಿರುವವರ ಗತಿಯೇ ಹೀಗಿರುವಾಗ ದೂರದಿಂದ ಬಂದವರ ಪಾಸ್‌ಪೋರ್ಟಿನ ಚಿಂತೆ ಏಕೆ ಎಂದು. ಪ್ರಶ್ನೆ ನ್ಯಾಯವಾದದ್ದು, ಅದರಿಂದ ಎಳೆಯುವ ತೀರ್ಮಾನ ಮಾತ್ರ ತಪ್ಪು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ ಮೇಲೆ ಕಾಡಿನ ಜನ ತಮ್ಮ ನೆಲೆಯನ್ನು ರುಜುವಾತು ಮಾಡಬೇಕಾದ ಸ್ಥಿತಿಗೆ ಬಂದರು. ಬಿಳಿಗಿರಿಯ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಗಲು 2011 ಬರಬೇಕಾಯಿತು. ಮನೆಯಲ್ಲೇ ಹೆರಿಗೆಯಾದ ಹಾಡಿಯ ಮಗುವಿನ ಜನನ ನೋಂದಣಿ ತಪ್ಪಿದರೆ ಮುಂದೆ ಶಾಲೆ, ಪಡಿತರ, ಸಾಲ, ಪಾಸ್‌ಪೋರ್ಟ್ ಎಲ್ಲದರಲ್ಲೂ ಅದು ಅಡ್ಡ ಬರುತ್ತದೆ. ಒಡೆಯರಪಾಳ್ಯದವರದ್ದೂ ಹಾಡಿಯವರದ್ದೂ ತಳದಲ್ಲಿ ಒಂದೇ ದೂರು: ಹಕ್ಕು ಕಾನೂನಿನಲ್ಲಿದೆ, ಕೈಯಲ್ಲಿಲ್ಲ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಪಾಲು ಕಡಿಮೆಯಾಗಲು ಪೌರತ್ವವೇನು ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲ. ಒಬ್ಬರ ಹುಟ್ಟನ್ನು ಸರ್ಕಾರ ಷರತ್ತಿಲ್ಲದೆ ಒಪ್ಪಿಕೊಂಡರೆ ಎಲ್ಲರ ಹುಟ್ಟಿಗೂ ಬಲ ಬರುತ್ತದೆ.

ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಅರ್ಜಿ ಪಡೆಯುವ ಏರ್ಪಾಡು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರು ಒಂದು. ಕಚೇರಿಯನ್ನು ಜನರ ಹತ್ತಿರ ತರುವ ಮನಸ್ಸಿದ್ದ ಸರ್ಕಾರಕ್ಕೆ ಒಂದು ವಾಕ್ಯವನ್ನು ಹೊಡೆದುಹಾಕುವುದು ಕಷ್ಟವಲ್ಲ. ವಾಸದ ಷರತ್ತನ್ನು ವಿದೇಶಾಂಗ ಸಚಿವಾಲಯ ಬರಹದಲ್ಲೇ ಹಿಂತೆಗೆದುಕೊಳ್ಳಬೇಕು. ಆರ್‌ಸಿ ಒಪ್ಪಿಸುವುದು ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ನಡೆಯಲಿ, ಮೊದಲೇ ಒಪ್ಪಿಸಿ ಎರಡೂ ಇಲ್ಲದೆ ಯಾರೂ ತಿಂಗಳುಗಟ್ಟಲೆ ಕಾಯುವಂತಾಗಬಾರದು. ಜಮೀನಿನ ಗುತ್ತಿಗೆಯನ್ನು ರಾಜ್ಯದ ಕಂದಾಯ ಇಲಾಖೆ ಬೇರೆಯಾಗಿ, ಬರಹದಲ್ಲಿ ತೀರ್ಮಾನಿಸಲಿ. ಅರವತ್ತು ವರ್ಷಗಳ ಹಿಂದೆ ನೆಲ ಕೊಟ್ಟು ಕರೆದ ರಾಜ್ಯ ನಮ್ಮದು. ಆ ನೆಲದಲ್ಲಿ ಹುಟ್ಟಿದವರ ಪರವಾಗಿ ದೆಹಲಿಗೆ ಈ ಮಾತನ್ನು ಗಟ್ಟಿಯಾಗಿ ಹೇಳುವ ಹೊಣೆಯೂ ನಮ್ಮದೇ. ನಮ್ಮ ಶಾಸಕರು, ಸಂಸದರು ಅದನ್ನು ಹೇಳಲಿ. ಅವರು ಹೇಳುವಂತೆ ಈ ಜಿಲ್ಲೆಯ ಮತದಾರರು ಕೇಳಲಿ.