ಅಡ್ಮಿರಲ್ ಮನೆಯ ಗೆಜ್ಜೆ

ನಮ್ಮ ಸೇನೆಯ ಯಹೂದಿಗಳ ಮಾತು ಬಂದರೆ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಜೇಕಬ್. 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನಾನಿ ನಿಯಾಜಿಯನ್ನು ಶರಣಾಗತಿಗೆ ಒಪ್ಪಿಸಿದ ಜನರಲ್. ವೈಸ್ ಅಡ್ಮಿರಲ್ ಬೆಂಜಮಿನ್ ಅಬ್ರಹಾಂ ಸ್ಯಾಮ್ಸನ್ ಅವರನ್ನು ನೆನೆಯುವವರು ಕಡಿಮೆ. ಅವರ ಪಾಲಿಗೆ ಬಂದ ಯುದ್ಧವೂ ಹೆಚ್ಚು ಜನ ನೆನೆಯದಂಥದ್ದೇ.

ಸ್ಯಾಮ್ಸನ್ 1916ರಲ್ಲಿ ಹುಟ್ಟಿದವರು, ಬೆನೆ ಇಸ್ರೇಲಿ ಸಮುದಾಯದವರು. ಮನೆಯಲ್ಲಿ ಮರಾಠಿ ಆಡುವ ಈ ಜನ ಹಿಂದೆ ಕೊಂಕಣದ ಹಳ್ಳಿಗಳಲ್ಲಿ ಗಾಣದ ಕಸುಬಿನವರು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಎಷ್ಟೋ ಮಂದಿ ಪಡೆ ಸೇರಿದರು. ಪುಣೆಯ ರಾಸ್ತಾ ಪೇಟೆಯಲ್ಲಿ ಅವರ ಸಿನಗಾಗ್ ಇದೆ.

ಎರಡನೇ ಮಹಾಯುದ್ಧದ ಕಾಲಕ್ಕೇ ರಾಯಲ್ ಇಂಡಿಯನ್ ನೇವಿಯಲ್ಲಿದ್ದ ಸ್ಯಾಮ್ಸನ್, 1960ರ ಆಸುಪಾಸಿನಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾಕ್ಕೆ ಬಂದರು, ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ ಕಮಾಂಡೆಂಟ್ ಆಗಿ. ಕೆರೆಯ ಪಕ್ಕದ ಆ ಅಕಾಡೆಮಿ 1955ರಲ್ಲಿ ಉದ್ಘಾಟನೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಭೂಸೇನೆ, ನೌಕಾದಳ, ವಾಯುದಳಗಳ ಹುಡುಗರೆಲ್ಲ ಒಂದೇ ಮೈದಾನದಲ್ಲಿ ಕವಾಯತು ಮಾಡುವ ಜಾಗ. ಆ ದಿನಗಳಲ್ಲೇ ಸ್ಯಾಮ್ಸನ್ ದಂಪತಿ ಒಂಬತ್ತು ವರ್ಷದ ಮಗಳನ್ನು ಮದ್ರಾಸಿಗೆ, ರುಕ್ಮಿಣೀದೇವಿ ಅರುಂಡೇಲರ ಕಲಾಕ್ಷೇತ್ರಕ್ಕೆ ಕಳಿಸಿದರು. ಅಪ್ಪ ಯಹೂದಿ, ಅಮ್ಮ ಲೈಲಾ ಕ್ಯಾಥೊಲಿಕ್, ಮಗಳು ಕಲಿಯಹೊರಟಿದ್ದು ಭರತನಾಟ್ಯ. ಊರೂರು ವರ್ಗವಾಗುವ ಫೌಜಿ ಸಂಸಾರದಲ್ಲಿ ಮಕ್ಕಳನ್ನು ಹಾಸ್ಟೆಲಿಗೆ ಬಿಡುವುದು ಹೊಸದೇನಲ್ಲ. ಆದರೆ ಆ ಕಾಲದ ಅಧಿಕಾರಿಗಳು ಹುಡುಕುತ್ತಿದ್ದದ್ದು ಕಾನ್ವೆಂಟುಗಳನ್ನು!

1965ರ ಪಾಕಿಸ್ತಾನದೊಂದಿಗಿನ ಯುದ್ಧದ ಹೊತ್ತಿಗೆ ಸ್ಯಾಮ್ಸನ್ ಇಡೀ ನೌಕಾಪಡೆಯ ಫ್ಲೀಟ್ ಕಮಾಂಡರ್. ಅವರ ಬಾವುಟ ಹಾರುತ್ತಿದ್ದದ್ದು ‘ಐಎನ್ಎಸ್ ಮೈಸೂರು’ ಕ್ರೂಸರಿನ ಮೇಲೆ. ನಮ್ಮ ಊರಿನ ಹೆಸರಿನ ಈ ಹಡಗು ಮೊದಲು ಬ್ರಿಟಿಷರ ‘ನೈಜೀರಿಯಾ’. ಯುದ್ಧ ಶುರುವಾದಾಗ ಫ್ಲೀಟಿನ ಮುಖ್ಯ ಹಡಗುಗಳಿದ್ದದ್ದು ಬಂಗಾಳಕೊಲ್ಲಿಯಲ್ಲಿ. ವಿಮಾನವಾಹಕ ‘ವಿಕ್ರಾಂತ್’ ರಿಪೇರಿಗೆಂದು ಡ್ರೈ ಡಾಕ್ ಸೇರಿತ್ತು. ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಕೆಲವು ನಿಮಿಷ ಗುಂಡು ಸುರಿಸಿ ಹಿಂದಿರುಗಿದವು. ನಮ್ಮ ಹಡಗುಗಳಿಗೋ, ಪೋರ್‌ಬಂದರ್ ದಾಟಿ ಉತ್ತರಕ್ಕೆ ಹೋಗಕೂಡದೆಂದು ದೆಹಲಿಯ ಅಪ್ಪಣೆ. ನೌಕಾದಳದ ಮುಖ್ಯಸ್ಥ ಸೋಮನ್ ದೆಹಲಿಯಲ್ಲಿ ವಾದಿಸಿ ನೋಡಿದರು, ಅಪ್ಪಣೆ ಬದಲಾಗಲಿಲ್ಲ. ಪಂಜಾಬಿನ ಯುದ್ಧ ಕಡಲಿಗೂ ಹಬ್ಬಬಾರದೆಂಬ ಸರ್ಕಾರದ ಎಣಿಕೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ದ್ವಾರಕೆಯ ಮುಜುಗರವನ್ನು ಹೊತ್ತದ್ದು ಕಡಲಿಗಿಳಿದವರೇ. 1971ರಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದಾಗ ಸ್ಯಾಮ್ಸನ್ ಫ್ಲೀಟಿನಲ್ಲಿರಲಿಲ್ಲ.

ಅಷ್ಟರಲ್ಲಿ ಅವರನ್ನು ಬೊಂಬಾಯಿಯ ಮಝಗಾಂವ್ ಡಾಕ್‌ನ ಮುಖ್ಯಸ್ಥರನ್ನಾಗಿ ಮಾಡಲಾಗಿತ್ತು. ಭಾರತದಲ್ಲೇ ಕಟ್ಟಿದ ಮೊದಲ ಲಿಯಾಂಡರ್ ದರ್ಜೆಯ ಫ್ರಿಗೇಟ್ ‘ನೀಲಗಿರಿ’ 1968ರಲ್ಲಿ ಅಲ್ಲಿಂದಲೇ ನೀರಿಗಿಳಿಯಿತು, 1972ರಲ್ಲಿ ನೌಕಾದಳ ಸೇರಿತು. ಗಡಿ ದಾಟಗೊಡದ ಯುದ್ಧಕ್ಕಿಂತ ಈ ಹಡಗುಕಟ್ಟೆಯ ಕೆಲಸವೇ ಅವರ ನಿಜವಾದ ಪರಾಕ್ರಮ ಎನ್ನಬೇಕು.

ಅತ್ತ ಭರತನಾಟ್ಯ ಕಲಿತ ಮಗಳು ಲೀಲಾ ಸ್ಯಾಮ್ಸನ್ 1990ರಲ್ಲಿ ಪದ್ಮಶ್ರೀ ಪಡೆದರು. 2005ರಲ್ಲಿ, ತಾವು ಪುಟ್ಟ ಹುಡುಗಿಯಾಗಿ ಹೋಗಿದ್ದ ಕಲಾಕ್ಷೇತ್ರಕ್ಕೇ ನಿರ್ದೇಶಕಿಯಾದರು. ತಂದೆಗೆ ಆಗ ತೊಂಬತ್ತರ ಹತ್ತಿರದ ವಯಸ್ಸು. 2008ರಲ್ಲಿ ಅವರು ತೀರಿಕೊಂಡರು. ಇವತ್ತು ಸ್ಯಾಮ್ಸನ್ ಎಂದರೆ ಜನ ಮೊದಲು ನೆನೆಯುವುದು ಲೀಲಾರನ್ನೇ. ಅಡ್ಮಿರಲ್ ಸಾಹೇಬರ ಗುರುತು ಈಗ ಆ ನರ್ತಕಿಯ ಅಪ್ಪ ಎಂದು.