ಸೆಟ್ ಆಗದ ಲೆಕ್ಕ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು ಎಂದು ಕೇಳಿ, ‘ಸೆಟ್’ ಎಂಬ ಉತ್ತರಕ್ಕೆ ಅಂಕ ಕೊಡುವುದು ರಸಪ್ರಶ್ನೆಯವರ ಹಳೆಯ ಚಟ. 1989ರಲ್ಲಿ 20 ಸಂಪುಟಗಳಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ಕ್ರಿಯಾಪದವಾದ ‘ಸೆಟ್’ ಒಂದಕ್ಕೇ 430ಕ್ಕೂ ಹೆಚ್ಚು ಅರ್ಥ ಹಚ್ಚಿತು. ವಿವರಣೆಗೆ ಸುಮಾರು 60,000 ಪದ ಸುರಿಯಿತು. ಸಾಧಾರಣ ಗಾತ್ರದ ಒಂದು ಕಾದಂಬರಿ ಅಷ್ಟರಲ್ಲಿ ಮುಗಿದುಹೋಗುತ್ತದೆ. ಈಚೆಗೆ ‘ರನ್’ 600ಕ್ಕೂ ಹೆಚ್ಚು ಅರ್ಥಗಳೊಡನೆ ಓಡಿ ಮುಂದೆ ಬಂದಿದೆಯಾದ್ದರಿಂದ ಉತ್ತರ ಬದಲಾಗಬಹುದು, ಆದರೆ ಕೇಳುವವರ ಬೆರಗು ಬದಲಾಗುವುದಿಲ್ಲ. ನನಗೆ ಕಿರಿಕಿರಿ ಆ ಬೆರಗಿನದೇ. ಪದವೊಂದು 430 ಅರ್ಥಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತದೆ ಎಂದು ನಂಬುವುದು, ಅದನ್ನು ಆ ಭಾಷೆಯ ಸಿರಿವಂತಿಕೆಗೆ ಸಾಕ್ಷಿಯಾಗಿ ನಿಲ್ಲಿಸುವುದು, ಎರಡೂ ಅವಸರದ ತೀರ್ಮಾನ. ಪದದ ಅರ್ಥ ಬಹುಪಾಲು ಅದರ ನೆರೆಹೊರೆಯವರ ಕೊಡುಗೆ.

ಈ ‘ಸೆಟ್’ನ ಬುಡ ಕೆದಕಿದರೆ ಸಿಗುವುದು ಬಹಳ ಸರಳವಾದ ಒಂದು ಸಂಗತಿ. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದು ‘ಸಿಟ್’ ಕ್ರಿಯಾಪದದ ಪ್ರೇರಣಾರ್ಥಕ ರೂಪ. ಕೂರುವುದು ಸಿಟ್, ಕೂರಿಸುವುದು ಸೆಟ್, ಅಷ್ಟೇ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಬಡಗಿ ಬಾಗಿಲಿನ ಚೌಕಟ್ಟು ಕೂರಿಸುತ್ತಾನೆ, ಭಾದ್ರಪದ ಬಂದರೆ ಬೀದಿಯ ಹುಡುಗರು ಚಂದಾ ಎತ್ತಿ ಗಣೇಶನನ್ನು ಕೂರಿಸುತ್ತಾರೆ, ನವರಾತ್ರಿಗೆ ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಇವು ನಾಲ್ಕು ಅರ್ಥಗಳೋ, ಒಂದೇ ಅರ್ಥದ ನಾಲ್ಕು ಸಂದರ್ಭಗಳೋ? ನಿಘಂಟುಕಾರ ಸಣ್ಣಗೆ ಹೆಚ್ಚಿದರೆ ನಾಲ್ಕು, ಇಡಿಯಾಗಿ ಬಿಟ್ಟರೆ ಒಂದು. ಇಂಗ್ಲಿಷಿನಲ್ಲೂ ಹರಳು, ಮುರಿದ ಮೂಳೆ, ಗಡಿಯಾರದ ಮುಳ್ಳು, ಇಲಿಬೋನು ಎಲ್ಲವೂ ಹೀಗೆಯೇ ‘ಸೆಟ್’ ಆಗುತ್ತವೆ. ದಿನವಿಡೀ ನಡೆದ ಸೂರ್ಯನೂ ಸಂಜೆ ಕೂತುಬಿಡುತ್ತಾನೆ. ಅದರ ಮೇಲೆ ‘ಅಪ್’, ‘ಆಫ್’, ‘ಔಟ್’ ಎಂಬ ಬಾಲಗಳು. ಕೆಲಸ ಮಾಡುವುದು ಬಾಲ, ಲೆಕ್ಕ ಸೇರುವುದು ‘ಸೆಟ್’ನ ಖಾತೆಗೆ. ಇನ್ನು ಗುಂಪು, ಜತೆ ಎಂಬ ಅರ್ಥದ ನಾಮಪದ ‘ಸೆಟ್’ ಮೂಲದಲ್ಲಿ ಬೇರೆ ಮನೆಯದು. ಹಿಂಬಾಲಿಸುವುದನ್ನು ಸೂಚಿಸುವ ಲ್ಯಾಟಿನ್ನಿನ ‘ಸೆಕ್ಟಾ’ ಎಂಬ ಪದ ಹಳೆಯ ಫ್ರೆಂಚಿನ ಮೂಲಕ ಬಂದು, ಉಚ್ಚಾರಣೆ ಒಂದೇ ಆದದ್ದರಿಂದ ಇದರೊಡನೆ ಬೆರೆತುಕೊಂಡಿತು. ಪಂಥ ಎಂಬ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು.

ಹಾಗಿದ್ದರೆ ಇಂಗ್ಲಿಷ್ ಒಂದು ಗೋಜಲು ಭಾಷೆ, ಕನ್ನಡದಲ್ಲಿ ಒಂದು ಮಾತಿಗೆ ಒಂದೇ ಅರ್ಥ ಎಂದು ಎದೆಯುಬ್ಬಿಸುವವರು ಇದ್ದಾರೆ. ಅವರು ‘ಹೊಡೆ’ ಎಂಬ ಎರಡಕ್ಷರವನ್ನು ಒಂದು ದಿನ ಹಿಂಬಾಲಿಸಲಿ. ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಬೆಳೆಗೆ ಔಷಧಿ ಹೊಡೆಯುತ್ತೇವೆ, ಸೈಕಲ್ಲಿಗೆ ಗಾಳಿ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಕಣ್ಣೂ ಹೊಡೆಯುತ್ತೇವೆ. ಯಾರಿಗೂ ಪೆಟ್ಟಾಗುವುದಿಲ್ಲ. ಚಿಕ್ಕ ಪದ ಎಂದರೆ ಕೂಡುಕುಟುಂಬದ ಹಿರಿಸೊಸೆ ಇದ್ದ ಹಾಗೆ. ಯಾವ ಕೆಲಸಕ್ಕೂ ಮೊದಲು ಕೂಗುವುದು ಅವಳನ್ನೇ. ‘ದ್ಯುತಿಸಂಶ್ಲೇಷಣೆ’ಯಂಥ ಭಾರಿ ಪದಕ್ಕೆ ಒಂದೇ ಅರ್ಥ ಉಳಿದಿದ್ದರೆ ಅದು ಪದದ ಶುದ್ಧಿಯಿಂದಲ್ಲ, ಪಾಠದ ಹೊತ್ತು ಬಿಟ್ಟರೆ ಅದನ್ನು ಯಾರೂ ಕರೆಯುವುದಿಲ್ಲ, ಅದಕ್ಕೆ.

ಅರ್ಥ ಹುಟ್ಟುವ ಬಗೆಯನ್ನು ಕಾಣಲು ಆಕ್ಸ್‌ಫರ್ಡಿಗೆ ಹೋಗಬೇಕಿಲ್ಲ, ಬೆಂಗಳೂರಿನ ದರ್ಶಿನಿಯೊಂದರ ಮುಂದೆ ನಿಂತರೆ ಸಾಕು. ಸೆಟ್ ದೋಸೆಯ ‘ಸೆಟ್’ ಎಣಿಕೆಯ ಮಾತು: ಒಂದರ ಮೇಲೊಂದು ಮೂರು ದೋಸೆ, ಕೆಲವೆಡೆ ಎರಡು, ಜತೆಗೆ ಸಾಗು, ಚಟ್ನಿ. ಒಂದನ್ನೊಂದು ಹಿಂಬಾಲಿಸಿ ತಟ್ಟೆಗಿಳಿಯುವ ದೋಸೆಗಳಾದ್ದರಿಂದ ಲ್ಯಾಟಿನ್ ಮೂಲಕ್ಕೂ ಧಕ್ಕೆಯಿಲ್ಲ. ಆದರೆ ಈ ದೋಸೆಗೆ ಅದರದೇ ಒಂದು ಸ್ವಭಾವವಿತ್ತು. ಅವಲಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಮೈತುಂಬ ತೂತು, ಗರಿಗರಿಯ ಸುಳಿವಿಲ್ಲದ ಮೆತ್ತನೆ. ತಿನ್ನುವವರ ಮನಸ್ಸಿನಲ್ಲಿ ಎಣಿಕೆ ಮಾಸಿ ಮೆತ್ತಗಿರುವುದೇ ಉಳಿಯಿತು. ಈಗ ಮನೆಯಲ್ಲಿ ಸೆಟ್ ದೋಸೆಯ ಹಿಟ್ಟು ರುಬ್ಬುತ್ತಾರೆ. ‘ಇನ್ನೊಂದೇ ಒಂದು ಸೆಟ್ ದೋಸೆ ಹಾಕಮ್ಮ’ ಎಂದು ಮಗು ಕೇಳುತ್ತದೆ, ಅಮ್ಮನಿಗೆ ಅದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಗಣಿತದವರಿಗೂ ಕಾಣಬಾರದು, ಒಂದೇ ಅಂಶವಿರುವ ಗಣವನ್ನು ಅವರು ಒಪ್ಪುತ್ತಾರೆ, ಶೂನ್ಯ ಗಣವನ್ನೂ ಒಪ್ಪುತ್ತಾರೆ. ಹೋಟೆಲಿನವರು ಶೂನ್ಯ ಗಣವನ್ನು ಬಡಿಸಿ ಬಿಲ್ಲು ಕೊಡುವ ಮಟ್ಟಕ್ಕೆ ಇನ್ನೂ ಹೋಗಿಲ್ಲ. ಮೆತ್ತನೆಯ ದೋಸೆ ಎಂಬ ಈ ಅರ್ಥ ಆ 430ರಲ್ಲಿ ಎಲ್ಲಿಯೂ ಇಲ್ಲ, ಇರಬೇಕಾಗಿಯೂ ಇಲ್ಲ. ‘ಸೆಟ್’ ಅದನ್ನು ಇಂಗ್ಲೆಂಡಿನಿಂದ ಹೊತ್ತು ತಂದಿರಲಿಲ್ಲ. ಪಕ್ಕದಲ್ಲಿದ್ದ ದೋಸೆ ಕೊಟ್ಟಿತು. ಸಿನಿಮಾದವರೂ ಹೀಗೆಯೇ ‘ಏರು’ ಎಂಬ ನಮ್ಮ ಕ್ರಿಯಾಪದವನ್ನು ಜೋಡಿಸಿ ‘ಚಿತ್ರ ಸೆಟ್ಟೇರಿತು’ ಎಂದರು. ಚಿತ್ರೀಕರಣ ಶುರುವಾಯಿತು ಎಂಬುದಕ್ಕೆ ಎಷ್ಟು ಗತ್ತು! ಇಂಗ್ಲಿಷಿಗೆ ಹಾಗೆ ಏರಲು ಬರುವುದಿಲ್ಲ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆ ಎದುರಾಗುತ್ತದೆ. ‘ನನಗೂ ಅವನಿಗೂ ಸೆಟ್ ಆಗಲ್ಲ’, ‘ಕೆಲಸ ಸೆಟ್ ಆಯ್ತು’, ‘ಹುಡುಗಿ ಸೆಟ್ ಆದಳು’ ಎನ್ನುತ್ತ ಹೋದರೆ ‘ಹೊಂದು’, ‘ಒಗ್ಗು’, ‘ಕುದುರು’ ಎಂಬ ಮಾತುಗಳ ಗತಿಯೇನು? ಇದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಸ್ವಭಾವ ಹೊಂದಬೇಕು, ಹವೆ ಒಗ್ಗಬೇಕು, ಸಂಬಂಧ ಕುದುರಬೇಕು. ಮೂರರ ನಡುವಿನ ವ್ಯತ್ಯಾಸ ಅನುಭವದಿಂದ ಬಂದದ್ದು, ‘ಸೆಟ್’ ಅವನ್ನು ಒಂದೇ ಸಾರಿಸುವಿಕೆಯಲ್ಲಿ ಅಳಿಸಿಬಿಡುತ್ತದೆ. ಅದು ನಷ್ಟವೇ. ಆದರೆ ಪದವನ್ನು ಬಹಿಷ್ಕರಿಸಿದರೆ ನಷ್ಟ ತುಂಬುತ್ತದೆ ಎಂಬ ಭರವಸೆಯೂ ನನಗಿಲ್ಲ. ನಮ್ಮ ಗಣಿತ ಪಠ್ಯಪುಸ್ತಕಗಳು ‘ಸೆಟ್’ ಬಿಟ್ಟು ‘ಗಣ’ ಎಂದವು. ಒಳ್ಳೆಯದೇ ಆಯಿತು. ಆದರೆ ಆ ಗಣ ಶಿವನ ಸುತ್ತ ಕುಣಿಯುವುದೂ ಹೌದು, ಛಂದಸ್ಸಿನಲ್ಲಿ ಮಾತ್ರೆ ಎಣಿಸುವುದೂ ಹೌದು, ಗಣರಾಜ್ಯದಲ್ಲಿ ಜನರ ಪರವಾಗಿ ನಿಲ್ಲುವುದೂ ಹೌದು. ಒಂದು ಬಹುರೂಪಿಯನ್ನು ಕಳಿಸಿ ಇನ್ನೊಂದನ್ನು ಕರೆತಂದೆವು, ಮಕ್ಕಳು ಗೊಂದಲಪಡದೆ ಲೆಕ್ಕ ಮಾಡುತ್ತಿದ್ದಾರೆ. ಆಡುವವರಿಗೆ ಪದ ಸೇರಿಸುವುದೂ ಗೊತ್ತು, ಕೈಬಿಡುವುದೂ ಗೊತ್ತು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತದೆ; ಕಡತದಲ್ಲಿ ಅದರ ಹೆಸರು ಐಪಿ ಸೆಟ್. ಹೊಲದಲ್ಲಿ ನಿಂತ ರೈತನಿಗೆ ಈ ‘ಸೆಟ್’ ಸುಮ್ಮನೆ ಭಾರ. ಅವನು ಅದನ್ನು ಕಿತ್ತೆಸೆದು ಅಚ್ಚಗನ್ನಡದಲ್ಲಿ ‘ಮೋಟ್ರು’ ಎನ್ನುತ್ತಾನೆ.